ಇರಾನಿನ ಜನ ಯಾವ ಚಾನೆಲ್, ಯಾವ ಸೀರಿಯಲ್ ನೋಡುತ್ತಾರೆ?

ಇರಾನಿನಲ್ಲಿ ಖಾಸಗಿ ಟಿವಿ ಚಾನೆಲ್‌ಗೆ ಅವಕಾಶವಿಲ್ಲ. ಇರುವುದೆಲ್ಲ ಸರ್ಕಾರಿ ಸಂಸ್ಥೆ ಐಆರ್‌ಐಬಿಯ ಚಾನೆಲ್‌ಗಳೇ. ಡಿಶ್ ಆಂಟೆನಾಗೂ ನಿಷೇಧವಿದೆ. ಆದರೂ ಎಷ್ಟೋ ಮನೆಗಳ ಮೇಲೆ ಅದು ಇದ್ದೇ ಇರುತ್ತದೆ. ಪರ್ಷಿಯನ್‌ಗೆ ಡಬ್ ಆದ ಟರ್ಕಿ ಸೀರಿಯಲ್‌ಗಳನ್ನು ‘ಜೆಮ್ ಟಿವಿ’ಯಂಥ ಹೊರದೇಶದ ಚಾನೆಲ್‌ಗಳಲ್ಲಿ ಜನ ಜಾಸ್ತಿ ನೋಡುತ್ತಾರೆ.

ಹಾಸ್ಯ ಬೇಕಾದರೆ ‘ಪಾಯ್‌ತಖ್ತ್’ ಸೀರಿಯಲ್‌ನಿಂದ ಶುರು ಮಾಡಿ. ಹೆಸರಿನ ಅರ್ಥ ರಾಜಧಾನಿ. ಐಆರ್‌ಐಬಿಯಲ್ಲಿ 2011ರ ನೌರೂಜ್ ಹಬ್ಬಕ್ಕೆ, ಅಂದರೆ ಇರಾನಿನ ಹೊಸ ವರ್ಷಕ್ಕೆ ಬಂತು. ಉತ್ತರ ಇರಾನಿನ ಮಾಜಂದರಾನ್ ಕಡೆಯ ನಖೀ ಸಂಸಾರ ಕಟ್ಟಿಕೊಂಡು ಟೆಹರಾನಿಗೆ ಬರುತ್ತಾನೆ. ಮನೆ ಕೈಗೆ ಸಿಗುವುದಿಲ್ಲ, ಲಾರಿಯಲ್ಲೇ ಬಾಳು! ಅವರ ಊರಿನ ಮಾತಿನ ಧಾಟಿಯೇ ಇದರ ಜೀವ. ಮುಂದಿನ ಭಾಗಗಳೂ ನೌರೂಜ್ ಹೊತ್ತಿನಲ್ಲೇ ಹೆಚ್ಚಾಗಿ ಬಂದವು. ನಮ್ಮಲ್ಲಿ ಹಬ್ಬಕ್ಕೆ ಹೊಸ ಸಿನಿಮಾ ಬರುತ್ತದಲ್ವಾ, ಹಾಗೆ.