ತುಮಕೂರಿನಲ್ಲಿ ಎಂ.ಎ. ಓದುವವರ ದಿನಗಳು ನಿಜಕ್ಕೂ ಹೇಗಿರುತ್ತವೆ?

ನೀವು ಕೊರಟಗೆರೆಯ ಆಚೆಯ ಹಳ್ಳಿಯವರು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ್ದೀರಿ, ತುಮಕೂರಿನಲ್ಲಿ ಎಂ.ಎ. ಮಾಡಬೇಕೆಂದಿದ್ದೀರಿ. ವಿಶ್ವವಿದ್ಯಾನಿಲಯದ ಜೀವನ ಸಿನಿಮಾದಲ್ಲಿ ತೋರಿಸುವ ಹಾಗೆಯೇ ಇರುತ್ತದೆಯೇ ಎಂದು ಕೇಳಿ, ಕೊನೆಯಲ್ಲಿ ಮೆಲ್ಲಗೆ ಇನ್ನೊಂದು ಸಾಲು ಸೇರಿಸಿದ್ದೀರಿ: ‘ಹೇಗೂ ಬಸ್ಸು ಉಚಿತ, ದಿನವೂ ಮನೆಯಿಂದಲೇ ಓಡಾಡು ಎನ್ನುತ್ತಿದ್ದಾರೆ ಅಪ್ಪ.’ ಆ ಕೊನೆಯ ಸಾಲಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಧುಗಿರಿ ತಾಲ್ಲೂಕಿನವಳು. 2017ರಿಂದ 2019ರವರೆಗೆ ತುಮಕೂರಿನ ಒಂದು ಕಾಲೇಜಿನ ಸ್ನಾತಕೋತ್ತರ ವಿಭಾಗದಲ್ಲಿ ಅರ್ಥಶಾಸ್ತ್ರ ಓದಿದೆ. ಹೆಸರು ಬೇಡ. ಮೊದಲ ವರ್ಷ ಮನೆಯಿಂದ ಓಡಾಡಿದೆ, ಎರಡನೆಯ ವರ್ಷ ತುಮಕೂರಿನಲ್ಲೇ ರೂಮು ಮಾಡಿಕೊಂಡಿದ್ದೆ. ಕಾಲೇಜು ಅದೇ, ಬೆಂಚು ಅದೇ, ಪಾಠ ಮಾಡಿದವರೂ ಅವರೇ. ಆದರೂ ಎರಡು ಬೇರೆ ಬೇರೆ ಕಡೆ ಓದಿದಂತೆ ನೆನಪಿದೆ.

ಮೊದಲ ವರ್ಷದ ಕಥೆ ಎಂದರೆ ಬಸ್ಸಿನ ಕಥೆ. ಮಧುಗಿರಿಯಿಂದ ತುಮಕೂರಿಗೆ 40 ಕಿಲೋಮೀಟರಿಗಿಂತ ತುಸು ಹೆಚ್ಚು; ಅದಕ್ಕೂ ಮುಂಚೆ ನಮ್ಮ ಹಳ್ಳಿಯಿಂದ ಮಧುಗಿರಿಗೆ ಇನ್ನೊಂದು ಬಸ್ಸು. ಐದು ಗಂಟೆಗೆ ಎದ್ದು, ತಲೆ ಒಣಗುವ ಮೊದಲೇ ಜಡೆ ಹಾಕಿಕೊಂಡು, ಡಬ್ಬಿಗೆ ಚಿತ್ರಾನ್ನ ತುಂಬಿ ಎದ್ದೆನೋ ಬಿದ್ದೆನೋ ಎಂದು ಓಡುವುದು. ಕೊರಟಗೆರೆಯವರೆಗೆ ಸೀಟಿನಲ್ಲಿ ಕುಳಿತೇ ಬರುತ್ತಿದ್ದೆವು. ಅಲ್ಲಿ ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಅಜ್ಜಿಯರು, ತರಕಾರಿ ಮೂಟೆಗಳು ಎಲ್ಲ ಒಟ್ಟಿಗೇ ಹತ್ತುತ್ತಿದ್ದವು. ಯಾರಾದರೂ ಅಜ್ಜಿ ಪಕ್ಕಕ್ಕೆ ಬಂದು ನಿಂತರೆ ಸೀಟು ಬಿಟ್ಟುಕೊಡದೆ ಇರಲಾಗುತ್ತಿರಲಿಲ್ಲ. ಡ್ರೈವರ್ ಪಕ್ಕದ ಎಂಜಿನ್ನಿನ ಮೇಲೆ ಕುಳಿತು ಓದಿದ್ದೇನೆ. ಓದಿದ್ದೇನೆ ಎನ್ನುವುದು ಹೆಸರಿಗೆ. ಪುಸ್ತಕ ತೆರೆದಿರುತ್ತಿತ್ತು, ಅಷ್ಟೇ.

ಸಂಜೆಯ ಪಾಡು ಇನ್ನೂ ಬೇರೆ. ನಮ್ಮ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಸಿಗಬೇಕಾದರೆ ತುಮಕೂರನ್ನು ನಾಲ್ಕೂವರೆಗೆ ಬಿಡಲೇಬೇಕು. ಕೊನೆಯ ತರಗತಿ ಮುಗಿಯುತ್ತಿದ್ದುದೂ ನಾಲ್ಕೂವರೆಗೆ. ಅದು ಅರ್ಥಮಿತಿಶಾಸ್ತ್ರ, ಚದುರಿದ ಚುಕ್ಕೆಗಳ ನಡುವೆ ಎಲ್ಲಕ್ಕೂ ಹತ್ತಿರವಾಗುವಂತೆ ಒಂದು ಗೆರೆ ಹಾಯಿಸುವ ವಿದ್ಯೆ. ನಾಲ್ಕು ಗಂಟೆಯಾದ ಕೂಡಲೇ ನಾವು ಐದಾರು ಮಂದಿ ಬ್ಯಾಗಿನ ಜಿಪ್ಪಿನ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆವು. ಒಂದು ದಿನ ಮೇಡಂ ಬೋರ್ಡಿನ ಕಡೆಯಿಂದ ತಿರುಗದೆಯೇ ಹೇಳಿದರು: “ಮಧುಗಿರಿ ಬಸ್ಸಿನವರು ಹೊರಡಿ. ಚುಕ್ಕೆಗಳು ನಾಳೆಯೂ ಇಲ್ಲೇ ಇರುತ್ತವೆ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಗೆರೆ ಏಕೆ ಅಲ್ಲಿಯೇ ಹಾಯುತ್ತದೆ ಎಂಬುದು ಮಾತ್ರ ಆ ವರ್ಷ ನನ್ನ ತಲೆಗೆ ಹತ್ತಲಿಲ್ಲ.

ಕಲಿಸುವವರ ತಪ್ಪು ಎಂದುಕೊಳ್ಳಬೇಡಿ. ತರಗತಿಯಲ್ಲಿ ಸಿಗುವುದು ವಿಷಯದ ತುದಿ. ಅದನ್ನು ಹಿಡಿದು ಎಳೆಯುವ ಕೆಲಸ ಸಂಜೆ ನಡೆಯುತ್ತದೆ: ಗ್ರಂಥಾಲಯದಲ್ಲಿ, ವಿಭಾಗದ ಮುಂದಿನ ಕಟ್ಟೆಯ ಮೇಲೆ, ಪಾಠ ಮುಗಿಸಿ ಚಹಾಕ್ಕೆ ಹೊರಟ ಅಧ್ಯಾಪಕರ ಬೆನ್ನು ಹತ್ತಿ. ಬಸ್ಸಿನವರಿಗೆ ಸಂಜೆ ಎನ್ನುವುದೇ ಇಲ್ಲ.

ಸಂಜೆ ಇಲ್ಲದವರಿಗೆ ಗತಿ ಜೆರಾಕ್ಸ್ ಅಂಗಡಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ನಮಗೆ ಅವಕಾಶವಿತ್ತು, ಆದರೆ ಓದಬೇಕಾದ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು. ಮೊದಲ ತಿಂಗಳು ನನಗಂತೂ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಿತ್ತು. ಆಗ ಯಾರೋ ಆ ಅಂಗಡಿ ತೋರಿಸಿದರು. ಹಿಂದಿನ ಯಾವುದೋ ವರ್ಷದ ಯಾರೋ ಕನ್ನಡದಲ್ಲಿ ಬರೆದ ನೋಟ್ಸು, ದುಂಡಗಿನ ಅಕ್ಷರ, ಅಂಚಿನಲ್ಲಿ ‘ಇದು ಬಂದೇ ಬರುತ್ತದೆ’ ಎಂಬ ಅಭಯ. ಪ್ರತಿಯಿಂದ ಪ್ರತಿ ತೆಗೆದೂ ತೆಗೆದೂ ಪ್ರತಿ ಪುಟದ ಕೊನೆಯ ಸಾಲು ಕತ್ತರಿಸಿ ಹೋಗಿತ್ತು. ನಾವು ಅದನ್ನೇ ಬಾಯಿಪಾಠ ಮಾಡಿದೆವು. ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ಹಿಂದಿರುಗಿಸುವಾಗ ಮೇಡಂ ಕೇಳಿದರು: “ಹದಿನಾಲ್ಕು ಜನರೂ ‘ಆದ್ದರಿಂದ ಬೇಡಿಕೆಯು’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಬೇಡಿಕೆಗೆ ಏನಾಯಿತು, ಯಾರಾದರೂ ಹೇಳುತ್ತೀರಾ?” ಯಾರಿಗೂ ಗೊತ್ತಿರಲಿಲ್ಲ. ಆ ಸಾಲನ್ನು ನಾವು ಯಾರೂ ನೋಡಿಯೇ ಇರಲಿಲ್ಲವಲ್ಲ!

ಈಗ ಅಪ್ಪನ ವಿಷಯ. ನಮ್ಮ ಕಾಲಕ್ಕೆ ವಿದ್ಯಾರ್ಥಿ ಪಾಸ್ ಇತ್ತು, ಅದಕ್ಕೆ ದುಡ್ಡು ಕಟ್ಟಬೇಕಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದರಿಂದ ಎಷ್ಟೋ ಮನೆಗಳಲ್ಲಿ ಹುಡುಗಿಯರು ಡಿಗ್ರಿಯವರೆಗಾದರೂ ಬಂದರು. ನನ್ನ ಚಿಕ್ಕಪ್ಪನ ಮಗಳೇ ಅವರಲ್ಲೊಬ್ಬಳು. ಆದರೆ ಅದೇ ಉಚಿತ ಟಿಕೆಟ್ಟು ರೂಮು ಬೇಡ ಎನ್ನುವುದಕ್ಕೂ ಕಾರಣವಾಗುತ್ತಿದೆ. ನಾನು ಓದುತ್ತಿದ್ದಾಗ ನಮ್ಮಪ್ಪನ ಮುಂದೆ ಒಂದು ಲೆಕ್ಕ ಇಟ್ಟಿದ್ದೆ. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ. ವರ್ಷಕ್ಕೆ 200 ದಿನ ಕಾಲೇಜು ಎಂದುಕೊಂಡರೂ 800 ಗಂಟೆ. “ಒಂದು ಕೂಲಿ ಆಳಿಗೆ ದಿನಕ್ಕೆ ಎಂಟು ಗಂಟೆ ಎಂದರೆ ನೂರು ಆಳಿನ ಕೆಲಸ ಅಪ್ಪ, ರಸ್ತೆಯ ಮೇಲೆ ಚೆಲ್ಲಿಹೋಗುತ್ತಿದೆ” ಎಂದೆ. ಆಳಿನ ಲೆಕ್ಕ ರೈತನಿಗೆ ಬೇಗ ತಾಗುತ್ತದೆ. ಅಪ್ಪ ಸುಮ್ಮನಾದರು. ಬಾಗಿಲಲ್ಲಿ ನಿಂತಿದ್ದ ಅಮ್ಮ, “ನಾಳೆ ಮದುವೆಯಾದ ಮೇಲೆ ಅವಳಿಗೆ ಯಾವ ರೂಮು, ಒಂದು ವರ್ಷ ಇದ್ದು ಬರಲಿ ಬಿಡಿ” ಎಂದಳು. ಆ ಮಾತಿಗೆ ಖುಷಿಪಡಬೇಕೋ ಅಳಬೇಕೋ ಇವತ್ತಿಗೂ ತಿಳಿದಿಲ್ಲ. ರೂಮಂತೂ ಸಿಕ್ಕಿತು.

ಮೂವರು ಹುಡುಗಿಯರು, ಒಂದು ಕೋಣೆ, ಮೂಲೆಯಲ್ಲಿ ಸಣ್ಣ ಸಿಲಿಂಡರಿನ ಒಲೆ. ರಾತ್ರಿ ಎಂಟಕ್ಕೆ ಮನೆಯ ಒಡತಿ ಗೇಟಿಗೆ ಬೀಗ ಹಾಕುತ್ತಿದ್ದರು. ರಾಗಿ ಹಿಟ್ಟು, ಸಾಂಬಾರ ಪುಡಿ, ಹುಣಸೆಹಣ್ಣು ಮೂರೂ ಮನೆಗಳಿಂದ ಬಸ್ಸಿನಲ್ಲಿ ಬರುತ್ತಿದ್ದವು. ಪಾವಗಡದವಳ ಮನೆಯ ಕಡಲೆಬೀಜದ ಚಟ್ನಿಪುಡಿ ಮಾತ್ರ ಮೂರು ದಿನಕ್ಕಿಂತ ಹೆಚ್ಚು ಉಳಿದದ್ದು ನಾನು ಕಾಣೆ. ತಿಂಗಳ ಮೊದಲ ಭಾನುವಾರ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ. ಉಳಿದ ಭಾನುವಾರ ಬಟ್ಟೆ ಒಗೆಯುವುದು.

ಆ ವರ್ಷವೇ ನಾನು ಮೊದಲ ಸಲ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕ ನೋಡಿದ್ದು. ಹಳ್ಳಿಯಲ್ಲಿ ರಾತ್ರಿಯಿಡೀ ನಡೆಯುವ ನಾಟಕ ನೋಡಿದ್ದವಳಿಗೆ ಎರಡು ಗಂಟೆಯಲ್ಲಿ ಮುಗಿದುಹೋಗುವ ನಾಟಕ ಮೋಸದಂತೆ ಕಂಡಿತು, ಆ ಮಾತು ಬೇರೆ. ಗೇಟು ಹಾಕಿದ್ದರು, ಬೈಸಿಕೊಂಡೆವು.

ಗ್ರಂಥಾಲಯದ ಬಗ್ಗೆ ಒಂದು ಮಾತು, ಮೊದಲ ದಿನ ಗಾಬರಿಯಾಗಬಾರದೆಂದು. ಓದುವ ಕೋಣೆ ತುಂಬಿರುತ್ತದೆ, ಆದರೆ ನಿಮ್ಮ ವಿಷಯ ಓದುವವರು ಅಲ್ಲಿ ವಿರಳ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಹೀಗೆ ಒಬ್ಬೊಬ್ಬರದೂ ಒಂದೊಂದು ಸರ್ಕಾರಿ ನೌಕರಿಯ ಪರೀಕ್ಷೆ. ನೀರಿನ ಬಾಟಲಿ ಇಟ್ಟರೆ ಆ ಕುರ್ಚಿ ಅವರದು. ಅದು ಕಾನೂನಿನಷ್ಟೇ ಗಟ್ಟಿ. ನಮ್ಮ ತರಗತಿಯಲ್ಲೂ ಅರ್ಧ ಜನ ಎಂ.ಎ.ಗೆ ಸೇರಿದ್ದೇ ಪರೀಕ್ಷೆಗೆ ಓದಲು ಎರಡು ವರ್ಷ ನೆರಳು ಸಿಗುತ್ತದೆ ಎಂದು. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರ ಜೊತೆ ಕುಳಿತು ನೀವೂ ಮೊದಲ ವಾರವೇ ಸಾಮಾನ್ಯ ಜ್ಞಾನದ ಪುಸ್ತಕ ಕೊಂಡರೆ ಎಂ.ಎ.ಯೂ ಇಲ್ಲ, ನೌಕರಿಯೂ ಇಲ್ಲ ಎಂಬಂತಾಗುತ್ತದೆ. ನಾನು ಕೊಂಡೆ. ಎರಡೂ ಅರ್ಧಂಬರ್ಧವಾದವು.

ನನ್ನನ್ನು ಉಳಿಸಿದ್ದು ನಾಲ್ಕನೆಯ ಸೆಮಿಸ್ಟರಿನ ಕಿರು ಪ್ರಬಂಧ. ವಿಷಯ ಹೊಳೆಯದೆ ಒದ್ದಾಡುತ್ತಿದ್ದೆ. ಅದೇ ಅರ್ಥಮಿತಿಶಾಸ್ತ್ರದ ಮೇಡಂ, “ನಿಮ್ಮ ಮನೆಯಲ್ಲಿ ಏನು ಬೆಳೆಯುತ್ತೀರಿ?” ಎಂದು ಕೇಳಿದರು. ರಾಗಿ, ಕಡಲೆಕಾಯಿ, ಬದುವಿನ ಮೇಲೆ ಹನ್ನೊಂದು ಹುಣಸೆ ಮರ ಎಂದೆ. “ಹುಣಸೆ ಮರದ ಲೆಕ್ಕ ಹೇಳಿ” ಎಂದರು. ಹೇಳತೊಡಗಿದೆ. ಕಾಯಿ ಹಸಿರಾಗಿರುವಾಗಲೇ ಗುತ್ತಿಗೆದಾರ ಬಂದು ಮರದ ಸುತ್ತ ಒಂದು ಸುತ್ತು ಹಾಕಿ, ತಲೆಯೆತ್ತಿ ನೋಡಿ, ಒಟ್ಟು ಮರಗಳಿಗೆ ಇಂತಿಷ್ಟು ಎಂದು ಮಾತು ಮುಗಿಸಿಬಿಡುತ್ತಾನೆ. ಬೇಸಿಗೆಯಲ್ಲಿ ಮರ ಬಡಿಸಿ ಹಣ್ಣು ಉದುರಿಸುವವನು ಅವನು. ಓಡು ತೆಗೆದು, ನಾರು ಎಳೆದು, ಕುಟ್ಟಿ ಬೀಜ ಬಿಡಿಸುವ ಕೆಲಸ ಊರಿನ ಹೆಂಗಸರದು, ಕೂಲಿ ಕಿಲೋ ಲೆಕ್ಕದಲ್ಲಿ. ಆಮೇಲೆ ಹಣ್ಣು ತುಮಕೂರಿನ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿ ಅದರ ಬೆಲೆ ಎಷ್ಟಾಯಿತು ಎಂದು ನಮ್ಮಪ್ಪ ಎಂದೂ ಕೇಳಿದವರಲ್ಲ. ನಾನು ಹೇಳುತ್ತಾ ಹೋದಂತೆ ಮೇಡಂ ಹಾಳೆಯೊಂದರಲ್ಲಿ ಬಾಣದ ಗುರುತು ಹಾಕುತ್ತಾ ಹೋದರು. ಕಡೆಗೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, “ಫಸಲಿನ ಅಪಾಯ ಯಾರ ತಲೆಯ ಮೇಲೆ, ಲಾಭ ಯಾರ ಕೈಗೆ? ಇದನ್ನು ಬರೆದುಕೊಂಡು ಬನ್ನಿ” ಎಂದರು.

ಬೇಸಿಗೆಯ ಆ ಎರಡು ತಿಂಗಳು ಬೆಳಗಿನ ಹೊತ್ತು ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಕಳೆದೆ. ಸಾಲು ಸಾಲು ಹುಣಸೆಯ ರಾಶಿ, ಗಾಳಿಯಲ್ಲೇ ಹುಳಿ, ಉಸಿರು ಎಳೆದರೆ ಬಾಯಲ್ಲಿ ನೀರು. ವರ್ತಕರು ಮೊದಲು ಓಡಿಸಿದರು; ಮೂರನೆಯ ದಿನ ಕಾಫಿ ಕೊಡಿಸಿದರು. ಬಣ್ಣ ನೋಡಿ ಹೊಸ ಹಣ್ಣು, ಹಳೆಯ ಹಣ್ಣು ಹೇಳುವುದನ್ನು ಕಲಿಸಿದವರೂ ಅವರೇ. ಆ ಧಾರಣೆಗಳನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು, ನಡುವೆ ಗೆರೆ ಹಾಯಿಸಿದಾಗ ಹಿಂದಿನ ವರ್ಷ ಬಿಟ್ಟು ಓಡಿದ್ದ ಪಾಠ ತಾನಾಗಿ ತಿಳಿಯಿತು. ಬಸ್ಸು ಹಿಡಿಯುವ ಅವಸರವಿದ್ದಿದ್ದರೆ ಆ ಹಾಳೆಯಲ್ಲಿ ಒಂದು ಚುಕ್ಕೆಯೂ ಇರುತ್ತಿರಲಿಲ್ಲ. ಮುಂದಿನ ಸಲ ಗುತ್ತಿಗೆದಾರ ಬಂದಾಗ ಅಪ್ಪ ಒಮ್ಮೆಲೇ ಒಪ್ಪಲಿಲ್ಲ, ನಾಳೆ ಬಾ ಎಂದರು. ಎಷ್ಟು ಹೆಚ್ಚಿಗೆ ಸಿಕ್ಕಿತು ಎಂದು ನನಗೆ ಹೇಳಿಲ್ಲ.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 111ನೆಯ ವಯಸ್ಸಿನಲ್ಲಿ ಶಿವೈಕ್ಯರಾದರು. ತುಮಕೂರಿನಲ್ಲಿ ವಿದ್ಯಾರ್ಥಿಯಾಗಿರುವುದು ಎಂದರೇನು ಎಂದು ಅಂದು ಕಂಡೆ. ನಮ್ಮ ತರಗತಿಯ ಒಬ್ಬ ಹುಡುಗ ನಾಲ್ಕನೆಯ ತರಗತಿಯಿಂದ ಮಠದಲ್ಲಿ ಬೆಳೆದವನು. ಮಾತಾಡದೆ ಎದ್ದು ಹೋದ. ಮರುದಿನ ಲಕ್ಷಾಂತರ ಜನರ ನಡುವೆ ಅವನು ಸಿಕ್ಕಿದ್ದು ದಾಸೋಹದ ಸಾಲಿನಲ್ಲಿ, ಕೈಯಲ್ಲಿ ಅನ್ನದ ಬಕೆಟ್ಟು ಹಿಡಿದು. “ಊಟ ಮಾಡಿದಿರಾ?” ಎಂದು ಕೇಳಿ ಮುಂದಕ್ಕೆ ಹೋದ, ನಾನು ಯಾರೋ ಎನ್ನುವ ಹಾಗೆ.

ಸಿನಿಮಾದಂತೆ ಪ್ರೇಮ ಇರುತ್ತದೆಯೇ ಎಂಬುದಕ್ಕೆ: 32 ಜನರಲ್ಲಿ ಎರಡು ಜೋಡಿ, ಒಂದಕ್ಕೆ ಮದುವೆಯಾಯಿತು. ಉಳಿದವರಿಗೆ ಬಸ್ಸಿತ್ತು. ಮದುವೆಯ ವಿಷಯವೇ ಹೆಚ್ಚು ಗಂಭೀರವಾದದ್ದು. ನಮ್ಮಲ್ಲಿ ಮೂವರಿಗೆ ಓದುವಾಗಲೇ ಮದುವೆ ಮಾಡಿದರು. ಒಬ್ಬಳು ಕೊನೆಯ ಪರೀಕ್ಷೆಗೆ ಮೂರು ತಿಂಗಳ ಕೂಸಿನೊಂದಿಗೆ ಬಂದಳು. ಅವಳ ಅತ್ತೆ ಬೇವಿನ ಮರದ ಕೆಳಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ತೂಗುತ್ತಿದ್ದರು. ಅದು ಅತ್ತರೆ ಮೇಲಿನ ಮಹಡಿಯ ಪರೀಕ್ಷಾ ಕೊಠಡಿಗೂ ಕೇಳಿಸುತ್ತಿತ್ತು. ಅವಳು ಪೆನ್ನು ನಿಲ್ಲಿಸಿ, ಸುಮ್ಮನಾಯಿತೇ ಎಂದು ಕಿವಿಗೊಟ್ಟು, ಮತ್ತೆ ಬರೆಯುತ್ತಿದ್ದಳು. ನನಗಿಂತ ಅವಳಿಗೇ ಹೆಚ್ಚು ಅಂಕ ಬಂತು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿ, ಕೊನೆಯ ದಿನದವರೆಗೆ ಕಾಯಬೇಡಿ. ನೀವು ಹಿಂದುಳಿದ ವರ್ಗಕ್ಕೆ ಸೇರಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿ ನೆರವಿಗೆ ಅರ್ಜಿ ಹಾಕಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಈಗಲೇ ಸರಿಮಾಡಿಟ್ಟುಕೊಳ್ಳಿ. ಆದರೆ ಯಾವ ವಿದ್ಯಾರ್ಥಿವೇತನವನ್ನೂ ನಂಬಿ ಬಾಡಿಗೆಗೆ ಮಾತು ಕೊಡಬೇಡಿ. ಬಾಡಿಗೆಗೆ ಒಂದನೇ ತಾರೀಖು ಇರುತ್ತದೆ, ಅದಕ್ಕಿರುವುದಿಲ್ಲ. ಹಾಜರಾತಿ ಶೇ. 75 ಇರಲೇಬೇಕು, ಬಸ್ಸು ಕೆಟ್ಟಿತ್ತು ಎಂಬುದು ಎಲ್ಲಿಯೂ ನಡೆಯುವುದಿಲ್ಲ.

ಎರಡು ವರ್ಷವೂ ರೂಮು ಆಗುವುದಿಲ್ಲ ಎಂದಾದರೆ ಎರಡನೆಯ ವರ್ಷವನ್ನಾದರೂ ಕೇಳಿ ಪಡೆಯಿರಿ. ಅಪ್ಪನಿಗೆ ಆಳಿನ ಲೆಕ್ಕ ಹೇಳಿ ನೋಡಿ.

ಇಷ್ಟೆಲ್ಲ ಓದಿ ನಾನೇನು ಅಧ್ಯಾಪಕಿಯಾಗಲಿಲ್ಲ. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಎರಡು ಸಲ ಬರೆದು ಎರಡು ಸಲವೂ ಸ್ವಲ್ಪದರಲ್ಲಿ ಹೋಯಿತು, ಈ ವರ್ಷ ಮತ್ತೆ ಬರೆಯುತ್ತೇನೆ.

ಹಾಂ, ರೂಮು ಸಿಕ್ಕಿತೆಂದರೆ ಮನೆಯಿಂದ ಮುದ್ದೆ ಕೋಲು ಮರೆಯದೆ ತನ್ನಿ. ನಾವು ಹಿಟ್ಟು ತಂದೆವು, ಪಾತ್ರೆ ತಂದೆವು, ಕೋಲು ಮರೆತೆವು. ಮೊದಲ ರಾತ್ರಿ ಗೇಟಿಗೆ ಬೀಗ ಬಿದ್ದ ಮೇಲೆ ಎಸರು ಕುದಿಯುತ್ತಿತ್ತು, ಹಿಟ್ಟು ಸುರಿದಾಗಿತ್ತು, ಪಾವಗಡದವಳು ತನ್ನ ಜ್ಯಾಮಿತಿಯ ಮರದ ಸ್ಕೇಲು ತೊಳೆದು ಕೊಟ್ಟಳು. ಮುದ್ದೆ ಗಂಟಾಯಿತು. ಸ್ಕೇಲಿನ ಮೇಲೆ ಹದಿನೈದರಿಂದ ಮೂವತ್ತರವರೆಗಿನ ಅಂಕಿಗಳೆಲ್ಲ ಅಳಿಸಿಹೋದವು.