ಓದುಗರ ಪ್ರಶ್ನೆ: ಹಳೆ ಲ್ಯಾಪ್‌ಟಾಪ್, ಲಿನಕ್ಸ್, ನುಡಿ ಫೈಲು

ಪ್ರಶ್ನೆ: ವಿಂಡೋಸ್ 10ಕ್ಕೆ ಬೆಂಬಲ ನಿಂತಿದ್ದರಿಂದ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿಗೆ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಹಾಕಬೇಕು. ಅದರ ರೂಪಗಳಲ್ಲಿ ಉಬುಂಟು ಒಳ್ಳೆಯದೋ, ಮಿಂಟ್ ಒಳ್ಳೆಯದೋ? ಕನ್ನಡ ಟೈಪಿಂಗ್, ನುಡಿ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಫೈಲುಗಳ ಗತಿಯೇನು?
– ಓದುಗರೊಬ್ಬರು, ಬಸವನಗುಡಿ

ಉತ್ತರ: 4 ಜಿಬಿಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯೇ ಸರಿ. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆಯೇ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಒಳಗೆ ಹಳೆ ಹಾರ್ಡ್‌ಡಿಸ್ಕ್ ಇದ್ದರೆ ಮಾತ್ರ ಈ ಚರ್ಚೆಯೇ ವ್ಯರ್ಥ, ಯಾವುದನ್ನು ಹಾಕಿದರೂ ನಿಧಾನವೇ. ಮೊದಲು ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆಗೆ ಹೋಗಿ, ಹಾರ್ಡ್‌ಡಿಸ್ಕ್ ಜಾಗಕ್ಕೆ ಹಾಕುವ ವೇಗದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ.

ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್-ಎಂ17ಎನ್’ (ibus-m17n) ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಬಹಳ ಜನ ಮರೆಯುವುದು ಇದನ್ನೇ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದಡಿ ಕೆಜಿಪಿ (kgp) ಎಂಬ ಕೀಲಿಮಣೆ ವಿನ್ಯಾಸ ಸೇರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬ್ರೌಸರ್‌ನಲ್ಲಿ ಕನ್ನಡ ಬಂದು ಲಿಬ್ರೆಆಫೀಸ್‌ನಲ್ಲಿ ಬಾರದಿದ್ದರೆ ‘ಲಿಬ್ರೆಆಫೀಸ್-ಜಿಟಿಕೆ3’ (libreoffice-gtk3) ಪ್ಯಾಕೇಜ್ ಇದೆಯೇ ನೋಡಿ.

ನುಡಿಯ ಹಳೆ ಫೈಲುಗಳದ್ದು ಬೇರೆ ಕಥೆ. ಅವುಗಳಲ್ಲಿ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಹಾಗಾಗಿ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿದರೆ ಚಿತ್ರವಿಚಿತ್ರ ಅಕ್ಷರಗಳೇ ಕಾಣುತ್ತವೆ. ಆಸ್ಕಿಯಿಂದ (ಈ ಹಳೆ ಸಂಕೇತದಿಂದ) ಕನ್ನಡ ಅಕ್ಷರಗಳಿಗೇ ಸಂಕೇತವಿರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಪಠ್ಯ ಹಾಕಿ ತೆಗೆಯಿರಿ. ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಕೋಷ್ಟಕಗಳ ವಿನ್ಯಾಸ ಕೆಡುವುದುಂಟು, ಆದ್ದರಿಂದ ಮೂಲ ಫೈಲನ್ನು ಅಳಿಸಬೇಡಿ.