ಟೇಪೆಸ್ಟ್ರಿ ನೇಯಲು ಯಾವ ಮಗ್ಗ ತಗೊಳ್ಳಲಿ? ಮೊದಲು ಏನು ಕಲಿಯಲಿ?

ನೀವು ಕೇಳಿರುವುದು ಮೂರು ವಿಷಯ. ಶಾಲು ನೇಯುವ ರಿಜಿಡ್ ಹೆಡಲ್ ಮಗ್ಗ (ಎಳೆಗಳನ್ನು ಎತ್ತಿ ಇಳಿಸುವ ಬಾಚಣಿಗೆಯಂಥ ಪಟ್ಟಿ, ಅಂದರೆ ಹೆಡಲ್, ಇರುವ ಮಗ್ಗ) ನಿಮ್ಮ ಹತ್ತಿರ ಇದೆ, ಗೋಡೆಗೆ ಹಾಕುವ ನೂಲಿನ ಚಿತ್ರವನ್ನು, ಅಂದರೆ ಟೇಪೆಸ್ಟ್ರಿಯನ್ನು, ಅದರಲ್ಲೇ ನೇಯಬಹುದಾ? ಆಗದಿದ್ದರೆ ಯಾವ ಮಗ್ಗ ತಗೊಳ್ಳಬೇಕು? ಮತ್ತೆ, ವಿಡಿಯೋ ನೋಡಿಕೊಂಡು ನೇಯ್ದಾಗಲೆಲ್ಲ ಬಟ್ಟೆ ನಡುವೆ ಸೊಂಟದ ಹಾಗೆ ಕಿರಿದಾಗುತ್ತಿದೆ, ಹಾಗಾದರೆ ಯಾವುದನ್ನು ಮೊದಲು ಕಲಿಯಬೇಕು? ನಾನು ಹಲವು ವರ್ಷಗಳಿಂದ ಟೇಪೆಸ್ಟ್ರಿ ನೇಯುತ್ತಿದ್ದೇನೆ. ತುಂಬ ಇಷ್ಟದ ಕೆಲಸ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಈ ನೇಯ್ಗೆ ಹೇಗೆ ಬೇರೆ ಅನ್ನುವುದನ್ನು ನೋಡೋಣ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅವುಗಳ ಮೇಲೆ ಕೆಳಗೆ ಅಡ್ಡ ಹಾಯುವ ನೂಲು ಹೊಕ್ಕು. ಶಾಲಿನಲ್ಲಿ ಹಾಸೂ ಕಾಣುತ್ತದೆ, ಹೊಕ್ಕೂ ಕಾಣುತ್ತದೆ. ಟೇಪೆಸ್ಟ್ರಿಯಲ್ಲಿ ಹೊಕ್ಕು ಮಾತ್ರ ಕಾಣುತ್ತದೆ. ಹಾಸಿನ ಎಳೆಗಳು ಪೂರ್ತಿ ಒಳಗೆ ಮುಚ್ಚಿಹೋಗುತ್ತವೆ. ಇನ್ನೊಂದು ವ್ಯತ್ಯಾಸ, ಹೊಕ್ಕು ಈ ಅಂಚಿನಿಂದ ಆ ಅಂಚಿನವರೆಗೆ ಹೋಗುವುದಿಲ್ಲ. ಪ್ರತಿ ಬಣ್ಣವೂ ಚಿತ್ರದಲ್ಲಿ ತನ್ನ ಜಾಗದಲ್ಲಷ್ಟೇ ಹೋಗಿ ಬರುತ್ತದೆ. ಹಾಸು ಮುಚ್ಚಬೇಕಾದರೆ ಹೊಕ್ಕನ್ನು ಗಟ್ಟಿಯಾಗಿ ಕೆಳಗೆ ಒತ್ತಬೇಕು. ಹಾಗೆ ಒತ್ತಿದಾಗ ಹಾಸು ಅಲುಗಾಡದೆ ನೆಟ್ಟಗೆ ನಿಲ್ಲಬೇಕು. ಆದ್ದರಿಂದ ಮಗ್ಗ ಆರಿಸುವಾಗ ನಾನು ಮೊದಲು ನೋಡುವುದು ಒಂದೇ: ಅದು ಎಷ್ಟು ಬಿಗಿ ತಡೆಯುತ್ತದೆ, ಆ ಬಿಗಿಯನ್ನು ನೇಯುತ್ತಿರುವಾಗ ಹೆಚ್ಚು ಕಡಿಮೆ ಮಾಡಬಹುದಾ. ಅಗಲ, ಎತ್ತರ, ಬೆಲೆ, ಅಂದ ಎಲ್ಲ ಆಮೇಲೆ.

ಒಂದು ಲೆಕ್ಕ ಹಾಕಿ ನೋಡಿ. ಕಲಿಯುವವರಿಗೆ ಸೆಂಟಿಮೀಟರಿಗೆ 3 ಹಾಸಿನ ಎಳೆ ಸರಿಯಾಗುತ್ತದೆ. 20 ಸೆಂ.ಮೀ. ಅಗಲಕ್ಕೆ 60 ಎಳೆ. ಒಂದೊಂದು ಎಳೆಯ ಮೇಲೂ ಒಂದು ಕಿಲೋದಷ್ಟು ಎಳೆತ ಇದೆ ಅಂದುಕೊಂಡರೂ ಚೌಕಟ್ಟಿನ ಮೇಲೆ 60 ಕಿಲೋ ಭಾರ ಬಿತ್ತು. ಇಷ್ಟು ಭಾರಕ್ಕೆ ತೆಳ್ಳನೆಯ ಮರದ ಚೌಕಟ್ಟು ಮಧ್ಯದಲ್ಲಿ ಬಾಗುತ್ತದೆ. ಬಾಗಿದ ಕೂಡಲೇ ನಡುವಿನ ಎಳೆಗಳು ಸಡಿಲ, ಪಕ್ಕದವು ಬಿಗಿ. ಎಷ್ಟೋ ಜನ ತಮ್ಮ ಕೈ ಸರಿಯಿಲ್ಲ ಅಂದುಕೊಳ್ಳುತ್ತಾರೆ. ತಪ್ಪು ಚೌಕಟ್ಟಿನದು.

ಈಗ ನಿಮ್ಮ ರಿಜಿಡ್ ಹೆಡಲ್ ವಿಷಯ. 10 ಸೆಂ.ಮೀ.ಗೆ 30 ಎಳೆ ಹಿಡಿಯುವ ಹೆಡಲ್ ಇದ್ದರೆ ಎಳೆಗಳ ಅಂತರ ಟೇಪೆಸ್ಟ್ರಿಗೆ ಸರಿಯಾಗಿಯೇ ಇದೆ. ಅಂಗೈ ಅಗಲದ ಮಾದರಿ ತುಂಡುಗಳನ್ನು ಧಾರಾಳವಾಗಿ ನೇಯಬಹುದು. ಆದರೆ ಆ ಮಗ್ಗ ಹಗುರವಾದ, ಜೋತು ಬೀಳುವ ಬಟ್ಟೆಗೆ ಅಂತ ಮಾಡಿದ್ದು. ಅದರ ಹಲ್ಲುಗಾಲಿ ಮತ್ತು ಕಡ್ಡಿಗಳು ಜಾಸ್ತಿ ಬಿಗಿಗೆ ತಯಾರಾಗಿರುವುದಿಲ್ಲ. ಹೆಡಲ್‌ನಿಂದಲೇ ಹೊಕ್ಕನ್ನು ಒತ್ತಿದರೂ ಹಾಸು ಮುಚ್ಚುವಷ್ಟು ಕೂರುವುದಿಲ್ಲ, ಮುಳ್ಳುಚಮಚ ಬೇಕೇ ಬೇಕು. ಅಗಲ ಹೆಚ್ಚಿದಷ್ಟೂ ತೊಂದರೆ ಹೆಚ್ಚುತ್ತದೆ. ಅದನ್ನು ಮಾರಬೇಡಿ, ಶಾಲಿಗೆ ಇಟ್ಟುಕೊಳ್ಳಿ. ಟೇಪೆಸ್ಟ್ರಿಗೆ ಬೇರೆ ಒಂದು ಚಿಕ್ಕ, ಗಟ್ಟಿ ಮಗ್ಗ ಮಾಡಿಕೊಳ್ಳಿ.

ನಾನು ಹೇಳುವುದು ಪೈಪಿನ ಮಗ್ಗ. ನಲ್ಲಿಗೆ ಬಳಸುವ ಲೋಹದ ಪೈಪುಗಳನ್ನು ಜೋಡಿಸಿ ಮಾಡುವ ಸರಳ ಚೌಕಟ್ಟು ಇದು. ಸ್ಕಾಟ್ಲೆಂಡಿನ ದೊಡ್ಡ ನೇಕಾರ ಆರ್ಚಿ ಬ್ರೆನನ್ ಇಂಥ ಮಗ್ಗವನ್ನೇ ಬಳಸಿ, ಅದನ್ನು ಎಷ್ಟೋ ಜನರಿಗೆ ಕಲಿಸಿದರು. ಎಡಿನ್‌ಬರೋದ ಡವ್‌ಕಾಟ್ ನೇಯ್ಗೆಶಾಲೆಯಲ್ಲಿ ಪಳಗಿ, ಅದನ್ನು ಮುನ್ನಡೆಸಿದವರು ಅವರು. ಅಷ್ಟು ದೊಡ್ಡ ಮಗ್ಗಗಳ ನಡುವೆ ಬೆಳೆದವರೇ ಪೈಪಿನ ಚೌಕಟ್ಟು ಸಾಕು ಅಂದಾಗ ಅದಕ್ಕೆ ಬೆಲೆ ಇದೆ ಅಲ್ವಾ? ಈ ಮಗ್ಗದ ಎರಡೂ ಬದಿಗೆ ಸ್ಕ್ರೂವಿನ ಹಾಗೆ ತಿರುಪು ಇರುವ ರಾಡ್ ಕೂರಿಸಿದರೆ ನಟ್ ತಿರುಗಿಸಿ ಬಿಗಿ ಏರಿಸಬಹುದು, ಇಳಿಸಬಹುದು. ನೇಯುತ್ತಾ ಹೋದ ಹಾಗೆ ಹಾಸು ಇನ್ನೂ ಬಿಗಿಯಾಗುತ್ತದೆ. ಆಗ ನಟ್ ಸ್ವಲ್ಪ ಸಡಿಲಿಸಿದರೆ ಆಯಿತು. ಮೊಳೆ ಹೊಡೆದ ಮರದ ಚೌಕಟ್ಟಿನಲ್ಲಿ ಈ ಅನುಕೂಲ ಇಲ್ಲ. ಹಾಸನ್ನು ಮುಂದೆ ಹಿಂದೆ ಸುತ್ತಿ ಬರುವ ಹಾಗೆ ಹಾಕಿದರೆ, ನೇಯ್ದ ಭಾಗವನ್ನು ಹಿಂದಕ್ಕೆ ಜಾರಿಸಿ ಮಗ್ಗದ ಎತ್ತರಕ್ಕಿಂತ ಉದ್ದದ ತುಂಡನ್ನೂ ನೇಯಬಹುದು.

ಸಿದ್ಧ ಮಗ್ಗವೇ ಬೇಕು ಅನ್ನುವವರು ಮಿರಿಕ್ಸ್ ಕಂಪನಿಯದರಂಥ ಲೋಹದ ಮಗ್ಗ ನೋಡಬಹುದು. ಅದರಲ್ಲಿ ಬಿಗಿ ಹೊಂದಿಸುವ ತಿರುಪು ಇದೆ, ಎಳೆ ಎತ್ತುವ ಸಾಧನವೂ ಸಿಗುತ್ತದೆ. ಆ ಸಾಧನ ಮೊದಲ ದಿನದಿಂದ ಬೇಕಾಗಿಲ್ಲ. ಕಿರಿದಾದ ತುಂಡಿಗೆ ಬೆರಳಲ್ಲೇ ಎಳೆ ಎತ್ತಬಹುದು. ಅಗಲ 30 ಸೆಂ.ಮೀ. ದಾಟಿದರೆ, ಒಂದು ಬಿಟ್ಟು ಒಂದು ಎಳೆಗೆ ದಾರದ ಕುಣಿಕೆ ಕಟ್ಟಿ ಒಂದು ಕೋಲಿಗೆ ಸೇರಿಸಿಕೊಳ್ಳಿ. ಕುಣಿಕೆ ಎಳೆದರೆ ಒಂದು ಸಂದು, ಅಂದರೆ ಹೊಕ್ಕು ಹಾಯುವ ಜಾಗ, ತೆರೆಯುತ್ತದೆ. ಇನ್ನೊಂದು ಸಂದಿಗೆ ಎಳೆಗಳ ನಡುವೆ ತೂರಿಸಿಟ್ಟ ಕೋಲು ಸಾಕು. ಅಮೆರಿಕದ ಮೂಲನಿವಾಸಿಗಳಾದ ನವಾಹೋ ನೇಕಾರರ ನಿಲುಮಗ್ಗ ಇವತ್ತಿಗೂ ಇದೇ ಉಪಾಯದಲ್ಲಿ ನಡೆಯುತ್ತದೆ. ಅದರಲ್ಲಿ ತಯಾರಾಗುವ ಕಂಬಳಿಗಳ ಅಚ್ಚುಕಟ್ಟು ನೋಡಿದರೆ ಮಗ್ಗದಲ್ಲಿ ಭಾಗಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಯೋಚನೆ ಹೋಗಿಬಿಡುತ್ತದೆ.

ದೊಡ್ಡ ಮಗ್ಗದ ಆಸೆ ಮುಂದೆ ಬಂದೇ ಬರುತ್ತದೆ. ಆಗ ಎರಡು ದಾರಿ ಇವೆ. ಪ್ಯಾರಿಸಿನ ಗೋಬ್ಲಾ ನೇಯ್ಗೆಶಾಲೆ 1662ರಲ್ಲಿ ಅರಮನೆಯ ನೇಯ್ಗೆಶಾಲೆ ಆಯಿತು. ಅಲ್ಲಿಯದು ನಿಲುಮಗ್ಗ, ಹಾಸು ನೆಟ್ಟಗೆ ನಿಂತಿರುತ್ತದೆ. ನೇಕಾರರು ಬಟ್ಟೆಯ ಹಿಂಬದಿಯಲ್ಲಿ ಕೂತು ನೇಯುತ್ತಾರೆ, ಮುಂಬದಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ. ಫ್ರಾನ್ಸಿನದೇ ಆದ ಓಬ್ಯುಸೋನ್‌ನಲ್ಲಿ ಅಡ್ಡಮಗ್ಗ. ಹಾಸು ಮೇಜಿನಂತೆ ಮಲಗಿರುತ್ತದೆ, ಚಿತ್ರ ಅದರ ಕೆಳಗೆ, ಕಾಲಲ್ಲಿ ತುಳಿದು ಎಳೆ ಎತ್ತುತ್ತಾರೆ. ಈ ನೇಯ್ಗೆಯನ್ನು 2009ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಡ್ಡಮಗ್ಗದಲ್ಲಿ ಎರಡೂ ಕೈ ಬಿಡುವಾಗಿರುವುದರಿಂದ ಕೆಲಸ ಬೇಗ ಸಾಗುತ್ತದೆ. ಆದರೆ ಚಿತ್ರ ಹಿಂಬದಿಯಿಂದ ಬರುವುದರಿಂದ ಎಡ ಬಲ ಅದಲುಬದಲಾಗುತ್ತದೆ, ಮುಂಬದಿ ಸುಲಭಕ್ಕೆ ಕಾಣುವುದಿಲ್ಲ. ನನಗೆ ನಿಲುಮಗ್ಗವೇ ಇಷ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದು ನೇಯ್ದಿದ್ದನ್ನು ನೋಡಬಹುದು. ಚಿತ್ರ ನೇಯುವವರಿಗೆ ಅದು ದೊಡ್ಡ ಸೌಲಭ್ಯ.

ನೂಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಾಸಿನ ಎಳೆಗೆ ಹಿಗ್ಗದ ನೂಲು ಬೇಕು. ಸೀನ್ ಟ್ವೈನ್ ಅನ್ನುವ ಹತ್ತಿ ಹುರಿ ಒಳ್ಳೆಯದು, ಬಲೆ ಹೆಣೆಯಲು ಬಳಸುವಂಥದ್ದು ಅದು. ಅಗಸೆ ನಾರಿನ ಲಿನಿನ್ ಕೂಡ ಆಗುತ್ತದೆ, ಆದರೆ ಕಲಿಯುವವರ ಕೈಗೆ ಸ್ವಲ್ಪ ಬಿರುಸು. ಹೆಣಿಗೆಯ ಉಣ್ಣೆಯನ್ನು ಹಾಸಿನ ಎಳೆಗೆ ಹಾಕಲೇಬೇಡಿ, ಎಳೆದಷ್ಟೂ ಬರುತ್ತದೆ. ಹೊಕ್ಕಿಗೆ ಗಟ್ಟಿ ತಿರುವಿನ ಉಣ್ಣೆ ಚೆನ್ನ. ದಪ್ಪ ಸರಿಯಿದೆಯಾ ಅಂತ ನೋಡಲು ಒಂದು ಉಪಾಯ: ಎರಡು ಹಾಸಿನ ಎಳೆಗಳ ನಡುವಿನ ಖಾಲಿ ಜಾಗದಲ್ಲಿ ಹೊಕ್ಕಿನ ನೂಲನ್ನು ಉದ್ದಕ್ಕೆ ಇಟ್ಟು ನೋಡಿ. ಅದು ಆ ಜಾಗವನ್ನು ತುಂಬಿಕೊಂಡು ಸುಮಾರಾಗಿ ಕೂತರೆ ಸರಿ. ದಪ್ಪ ಆದರೆ ಎಳೆಗಳನ್ನು ಹೊರಗೆ ತಳ್ಳುತ್ತದೆ, ಬಟ್ಟೆ ಅಗಲವಾಗುತ್ತಾ ಹೋಗುತ್ತದೆ. ಎರಡು ಮೂರು ತೆಳು ನೂಲುಗಳನ್ನು ಒಟ್ಟಿಗೆ ಹಿಡಿದು ನೇಯುವುದು ನನಗೆ ಇಷ್ಟ. ಬಣ್ಣಗಳನ್ನು ಅಲ್ಲೇ ಬೆರೆಸಬಹುದು.

ಈಗ ನಿಮ್ಮ ಸೊಂಟದ ಸಮಸ್ಯೆ. ಹೊಕ್ಕು ಹಾಸಿನ ಮೇಲೆ ಕೆಳಗೆ ಹಾದು ಹೋಗಬೇಕು, ಹಾಗಾಗಿ ಅದಕ್ಕೆ ನೇರ ಗೆರೆಗಿಂತ ಜಾಸ್ತಿ ಉದ್ದ ಬೇಕು. ನೇರವಾಗಿ ಎಳೆದು ಒತ್ತಿದರೆ ಆ ಉದ್ದವನ್ನು ಅದು ಅಂಚಿನಿಂದ ಕಸಿದುಕೊಳ್ಳುತ್ತದೆ. ಅಂಚು ಒಳಗೆ ಬರುತ್ತದೆ. ಪರಿಹಾರ ಇದು: ಹೊಕ್ಕನ್ನು ಸಂದಿನಲ್ಲಿ ಕಮಾನಾಗಿ ಬಿಡಿ. ಅಗಲ ಜಾಸ್ತಿ ಇದ್ದರೆ ಒಂದೇ ದೊಡ್ಡ ಕಮಾನು ಬೇಡ, ನಾಲ್ಕೈದು ಸೆಂ.ಮೀ.ಗೆ ಒಂದರಂತೆ ಚಿಕ್ಕ ಚಿಕ್ಕ ಕಮಾನು ಮಾಡಿ. ಮೊದಲು ಪ್ರತಿ ಕಮಾನಿನ ನಡುವೆ ಒತ್ತಿ, ಆಮೇಲೆ ಉಳಿದದ್ದನ್ನು. ಕಮಾನು ಜಾಸ್ತಿಯಾದರೆ ಮೇಲ್ಮೈಯಲ್ಲಿ ಕುಣಿಕೆಗಳು ಎದ್ದು ಕಾಣುತ್ತವೆ. ಕಡಿಮೆಯಾದರೆ ಹಾಸು ಇಣುಕುತ್ತದೆ, ಅಂಚು ಸೆಳೆಯುತ್ತದೆ. ಎರಡು ಸೆಂ.ಮೀ. ನೇಯ್ದಾಗಲೊಮ್ಮೆ ಅಳತೆಪಟ್ಟಿ ಇಟ್ಟು ಅಗಲ ನೋಡಿ. ಒಂದೆರಡು ಮಿ.ಮೀ. ಕಡಿಮೆಯಾಗಿದ್ದರೆ ಆಗಲೇ ಬಿಚ್ಚಿ. ಅಂಚನ್ನು ದಾರ ಕಟ್ಟಿ ಚೌಕಟ್ಟಿಗೆ ಎಳೆದು ಹಿಡಿಯುವವರೂ ಇದ್ದಾರೆ. ಕಲಿಯುವಾಗ ಅದು ಬೇಡ ಅನ್ನುತ್ತೇನೆ. ದಾರ ಬಿಚ್ಚಿದ ಕೂಡಲೇ ಬಟ್ಟೆ ಮತ್ತೆ ಒಳಗೆ ಹೋಗುತ್ತದೆ.

ಅಂಚು ಹಿಡಿತಕ್ಕೆ ಬಂದ ಮೇಲೆ ಕಲಿಯಬೇಕಾದ್ದು ದಿಕ್ಕು. ಇದನ್ನು ವಿಡಿಯೋಗಳಲ್ಲಿ ತುಂಬ ಸಲ ಹಾರಿಸಿಬಿಡುತ್ತಾರೆ, ಆದರೆ ಚಿತ್ರ ನೇಯುವುದೆಲ್ಲ ಇದರ ಮೇಲೆಯೇ ನಿಂತಿದೆ. ನಿಯಮ ಸರಳ. ಪಕ್ಕಪಕ್ಕದ ಎರಡು ಬಣ್ಣಗಳು ಒಂದೇ ಸಂದಿನಲ್ಲಿ ಎದುರುಬದುರು ಸಾಗಬೇಕು. ಒಂದು ಸಂದಿನಲ್ಲಿ ಗಡಿಯ ಹತ್ತಿರ ಬಂದು ಸೇರುತ್ತವೆ, ಮುಂದಿನ ಸಂದಿನಲ್ಲಿ ಬೇರೆಯಾಗಿ ದೂರ ಹೋಗುತ್ತವೆ. ಹೀಗಿದ್ದರೆ ಅವು ಸೇರುವಾಗ ಗಡಿಯನ್ನು ಎಡಕ್ಕೋ ಬಲಕ್ಕೋ ಎಷ್ಟು ಎಳೆ ಬೇಕಾದರೂ ಸರಿಸಬಹುದು. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ, ಗಡಿ ಸರಿಸಿದ ಕೂಡಲೇ ಒಂದು ಕಡೆ ಎಳೆ ಮುಚ್ಚದೆ ಉಳಿಯುತ್ತದೆ, ಇಲ್ಲವೇ ಎರಡು ಹೊಕ್ಕು ಒಂದೇ ಸಂದಿನಲ್ಲಿ ಕೂರುತ್ತವೆ. ಒಂದು ಬಣ್ಣದ ನಡುವೆ ಹೊಸ ಬಣ್ಣ ಶುರು ಮಾಡಬೇಕಾದರೆ ಎರಡು ಹೊಸ ನೂಲು ಸೇರಿಸಿ: ಒಂದು ಹೊಸ ಬಣ್ಣದ್ದು, ಇನ್ನೊಂದು ಹಳೆಯ ಬಣ್ಣದ್ದೇ, ಆಚೆ ಬದಿಗೆ. ಆಗ ದಿಕ್ಕುಗಳ ಸಾಲು ಕೆಡುವುದಿಲ್ಲ. ಪ್ರತಿ ಬಣ್ಣಕ್ಕೂ ಬೆರಳಿಗೆ ಸುತ್ತಿದ ಪುಟ್ಟ ಲಡಿ ಮಾಡಿಟ್ಟುಕೊಳ್ಳಿ. ಬಾಬಿನ್ (ನೂಲು ಸುತ್ತುವ ಚೂಪು ತುದಿಯ ಕಡ್ಡಿ) ಇದ್ದರೆ ಇನ್ನೂ ಒಳ್ಳೆಯದು, ಅದರ ಮೊನೆಯಿಂದಲೇ ಒತ್ತಬಹುದು.

ಇದರ ಜೊತೆಗೇ ಬರುವ ಇನ್ನೊಂದು ಮಾತು, ಯಾವ ಆಕಾರವನ್ನು ಮೊದಲು ನೇಯಬೇಕು ಅನ್ನುವುದು. ಮೇಲೆ ಹೋದಂತೆ ಕಿರಿದಾಗುವ ಆಕಾರ ಮೊದಲು. ಅದರ ಮೇಲೆ ಬಾಗುವ ಪಕ್ಕದ ಆಕಾರ ಆಮೇಲೆ. ಗುಡ್ಡ ಮೊದಲು, ಆಕಾಶ ಆಮೇಲೆ. ವೃತ್ತ ನೇಯುವಾಗ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೆಳಗಿನ ಅರ್ಧಕ್ಕೆ ಹಿನ್ನೆಲೆಯನ್ನು ಮೊದಲು ನೇಯ್ದು ಒಂದು ತಗ್ಗು ಮಾಡಿಕೊಳ್ಳಬೇಕು, ವೃತ್ತವನ್ನು ಅದರಲ್ಲಿ ತುಂಬಬೇಕು. ಮೇಲಿನ ಅರ್ಧಕ್ಕೆ ವೃತ್ತ ಮೊದಲು, ಹಿನ್ನೆಲೆ ಆಮೇಲೆ. ಓರೆ ಗೆರೆಯ ಇಳಿಜಾರು ಮೆಟ್ಟಿಲಿನ ಲೆಕ್ಕದಲ್ಲಿದೆ. ನೂಲು ಒಮ್ಮೆ ಹೋಗಿ ಬರುವುದನ್ನು ಒಂದು ಸುತ್ತು ಅನ್ನೋಣ. ಪ್ರತಿ ಸುತ್ತಿಗೂ ಒಂದು ಎಳೆ ಸರಿದರೆ ಚಪ್ಪಟೆ ಇಳಿಜಾರು, ನಾಲ್ಕೈದು ಸುತ್ತಿಗೊಮ್ಮೆ ಸರಿದರೆ ಕಡಿದಾದ ಗೆರೆ.

ನೆಟ್ಟನೆಯ ಗಡಿ ಬಂದಾಗ ಎರಡು ಬಣ್ಣಗಳ ನಡುವೆ ಸೀಳು ಉಳಿಯುತ್ತದೆ. ಕಿಲೀಮ್ ಅನ್ನುವ ಚಪ್ಪಟೆ ಜಮಖಾನ ನೇಯುವವರು ಈ ಸೀಳನ್ನೇ ಅಂದವಾಗಿ ಬಳಸುತ್ತಾರೆ. ಉದ್ದವಾದರೆ ಬಟ್ಟೆ ಬಲಹೀನವಾಗುತ್ತದೆ. ಆಗ ಎರಡೂ ಬಣ್ಣಗಳನ್ನು ಒಂದೇ ಎಳೆಗೆ ಸರದಿಯಲ್ಲಿ ಸುತ್ತಬಹುದು, ಅಥವಾ ಎರಡು ಎಳೆಗಳ ನಡುವೆ ಒಂದಕ್ಕೊಂದು ಕೊಂಡಿ ಹಾಕಬಹುದು. ನಾನಾದರೆ ಸೀಳು ಬಿಟ್ಟು ಆಮೇಲೆ ಹಿಂಬದಿಯಿಂದ ಹೊಲಿಯುತ್ತೇನೆ. ಗೆರೆ ಚೂಪಾಗಿ ಕಾಣುತ್ತದೆ. ಚಿತ್ರದಲ್ಲಿ ನೆಟ್ಟನೆಯ ಗೆರೆಗಳೇ ಜಾಸ್ತಿ ಇದ್ದರೆ ಚಿತ್ರವನ್ನು ಅಡ್ಡ ತಿರುಗಿಸಿ ನೇಯಿರಿ. ಯೂರೋಪಿನ ಹಳೆಯ ದೊಡ್ಡ ಟೇಪೆಸ್ಟ್ರಿಗಳನ್ನು ಸಾಮಾನ್ಯವಾಗಿ ಹೀಗೇ ನೇಯ್ದರು. ಮರ, ಕಂಬ, ನಿಂತ ಜನ ಎಲ್ಲ ಮಗ್ಗದಲ್ಲಿ ಮಲಗಿದ ಗೆರೆಗಳಾಗುತ್ತವೆ, ನೇಯುವುದು ಸುಲಭ. ಆದರೆ ತೂಗುಹಾಕಿದಾಗ ಸೀಳುಗಳು ಅಡ್ಡ ಬರುತ್ತವೆ, ಭಾರಕ್ಕೆ ಬಾಯಿ ಬಿಡುತ್ತವೆ. ಹಾಗಾಗಿ ಹೊಲಿಯಲೇಬೇಕು.

ಬಣ್ಣ ಬೆರೆಸುವ ವಿಧಾನಗಳಲ್ಲಿ ಮೂರನ್ನು ಮೊದಲು ಕಲಿಯಿರಿ. ಎರಡು ಬಣ್ಣಗಳನ್ನು ಒಂದೊಂದು ಸಾಲಿಗೆ ಬದಲಿಸಿದರೆ ನೆಟ್ಟನೆಯ ಸಣ್ಣ ಪಟ್ಟೆ ಬರುತ್ತದೆ. ಎರಡೆರಡು ಸಾಲಿಗೆ ಬದಲಿಸಿದರೆ ಅಡ್ಡ ಅಲೆ ಗೆರೆ. ಗಡಿಯಲ್ಲಿ ಒಂದು ಬಣ್ಣ ಇನ್ನೊಂದರೊಳಗೆ ಉದ್ದ ಗಿಡ್ಡ ನಾಲಿಗೆ ಚಾಚುವ ಹಾಗೆ ನೇಯ್ದರೆ ದೂರದಿಂದ ಎರಡೂ ಬೆರೆತು ಕಾಣುತ್ತವೆ. ನೆರಳು ಬೆಳಕೆಲ್ಲ ಈ ಮೂರನೆಯದರಿಂದಲೇ ಬರುತ್ತದೆ. ಇದಕ್ಕೂ ಎದುರುಬದುರು ದಿಕ್ಕು ಬೇಕೇ ಬೇಕು, ಅದಕ್ಕೇ ಅದನ್ನು ಮೊದಲು ಹೇಳಿದ್ದು.

ಚಿತ್ರವನ್ನು ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಬರೆದು ಹಾಸಿನ ಹಿಂದೆ ಹೊಲಿದು ನಿಲ್ಲಿಸಿ. ಗಡಿಗಳನ್ನು ಎಳೆಗಳ ಮೇಲೆ ಶಾಯಿಯಿಂದ ಗುರುತು ಮಾಡಬಹುದು. ಪ್ರತಿ ಎಳೆಯ ಸುತ್ತಲೂ ಬರಬೇಕು, ಎಳೆ ತಿರುಗಿದರೂ ಗುರುತು ಕಾಣಲಿ ಅಂತ. ಶಾಯಿ ನೀರಿಗೆ ಬಿಡದಂಥದ್ದೇ ಆಗಿರಲಿ, ಇಲ್ಲವಾದರೆ ಕೊನೆಗೆ ಹಬೆ ಇಸ್ತ್ರಿ ಹಾಕುವಾಗ ಉಣ್ಣೆಗೆ ಹತ್ತುತ್ತದೆ. ಚಿತ್ರ ಇಲ್ಲದೆಯೂ ನೇಯಬಹುದು. ಈಜಿಪ್ಟಿನ ಗೀಝಾ ಹತ್ತಿರ ಹರ್ರಾನಿಯಾ ಎಂಬ ಹಳ್ಳಿಯಲ್ಲಿ ರಾಮ್ಸೆಸ್ ವಿಸ್ಸಾ ವಾಸ್ಸೆಫ್ ಎಂಬ ವಾಸ್ತುಶಿಲ್ಪಿ 1950ರ ದಶಕದಲ್ಲಿ ಮಕ್ಕಳಿಗೆ ನೇಯ್ಗೆ ಕಲಿಸಿದರು. ಮುಂಚೆ ಚಿತ್ರ ಬರೆದುಕೊಳ್ಳದೆ ಮಗ್ಗದ ಮೇಲೇ ಯೋಚಿಸುತ್ತಾ ನೇಯಬೇಕು ಅನ್ನುವುದು ಅಲ್ಲಿಯ ಪದ್ಧತಿ. ಆ ಮಕ್ಕಳು ನೇಯ್ದ ಮರ, ಹಕ್ಕಿ, ಹೊಳೆ ನೋಡಿದರೆ ಮೈ ಜುಮ್ಮೆನ್ನುತ್ತದೆ.

ನಿಮಗೆ ನನ್ನ ಸಲಹೆ ಹೀಗೆ. ಪೈಪಿನ ಮಗ್ಗಕ್ಕೆ 60 ಎಳೆ ಹಾಕಿ, ಒಂದೇ ಉದ್ದ ಪಟ್ಟಿ ನೇಯಿರಿ. ಬುಡದಲ್ಲಿ ನಾಲ್ಕು ಸೆಂ.ಮೀ. ಒಂದೇ ಬಣ್ಣ, ಅಂಚು ನೋಡಿಕೊಳ್ಳಲು. ಆಮೇಲೆ ಎರಡು ಬಣ್ಣದ ಗಡಿ ಸರಿಸುವುದು, ಗುಡ್ಡ, ವೃತ್ತ, ಸೀಳು, ಪಟ್ಟೆ, ನಾಲಿಗೆ. ಆ ಪಟ್ಟಿಯನ್ನು ಬಿಸಾಡಬೇಡಿ. ಮುಂದಿನ ಚಿತ್ರ ಬರೆಯುವಾಗ ಪಕ್ಕದಲ್ಲೇ ಇರಲಿ, ಯಾವ ಗೆರೆ ನೂಲಿನಲ್ಲಿ ಹೇಗೆ ಬರುತ್ತದೆ ಅಂತ ಅದರಲ್ಲಿ ನೋಡಿಕೊಳ್ಳಬಹುದು. ಪಟ್ಟಿಯ ಬುಡದಿಂದ ತುದಿಯವರೆಗೆ ಅಗಲ ಒಂದೇ ಇದ್ದರೆ 40 ಸೆಂ.ಮೀ. ಅಗಲದ ಚಿತ್ರಕ್ಕೆ ಕೈ ಹಾಕಿ. ಇಲ್ಲದಿದ್ದರೆ ಇನ್ನೊಂದು ಪಟ್ಟಿ ನೇಯಿರಿ, ಈ ಸಲ ಕಮಾನು ಸ್ವಲ್ಪ ಎತ್ತರ ಬಿಟ್ಟು.